ಸೌತೆ ಬಳ್ಳಿ ತುಂಬಾ ಹೂ, ಕಾಯಿ ಯಾಕಿಲ್ಲ?

"ಬಳ್ಳಿ ಚೆನ್ನಾಗಿ ಹಬ್ಬಿದೆ, ಹೂವೂ ತುಂಬಿದೆ, ಆದ್ರೆ ಒಂದು ಕಾಯಿನೂ ಕಚ್ತಿಲ್ಲ." ಹಿತ್ತಲಲ್ಲಿ ಮೊದಲ ಸಲ ಸೌತೆ ಹಾಕಿದವರ ಸಾಮಾನ್ಯ ದೂರು ಇದು. ಗಾಬರಿಯಾಗಿ ಕೆಲವರು ಇನ್ನಷ್ಟು ಯೂರಿಯಾ ಹಾಕ್ತಾರೆ, ಕೆಲವರು ಔಷಧಿ ಹೊಡೀತಾರೆ. ಎರಡೂ ಬೇಡ. ಮೊದಲು ಹೂವನ್ನು ಸರಿಯಾಗಿ ನೋಡಿ.

ಗಂಡು ಹೂ ಯಾವುದು, ಹೆಣ್ಣು ಹೂ ಯಾವುದು?

ಸೌತೆಯ ಒಂದೇ ಬಳ್ಳಿಯಲ್ಲಿ ಎರಡೂ ಬಗೆಯ ಹೂ ಬಿಡುತ್ತವೆ. ಗಂಡು ಹೂವಿನ ಹಿಂದೆ ಸಣ್ಣ ತೊಟ್ಟು ಮಾತ್ರ ಇರುತ್ತದೆ. ಹೆಣ್ಣು ಹೂವಿನ ಹಿಂದೆ ಬೆರಳ ತುದಿಯಷ್ಟು ಪುಟ್ಟ ಸೌತೆ ಮಿಡಿ ಕಾಣುತ್ತದೆ. ಗೊತ್ತಾಗದಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಸಾಮಾನ್ಯವಾಗಿ ಗಂಡು ಹೂಗಳೇ ಮೊದಲು ಬರುತ್ತವೆ. ಅವು ಉದುರುವುದು ರೋಗವಲ್ಲ. ಒಂದೆರಡು ವಾರದಲ್ಲಿ ಹೆಣ್ಣು ಹೂ ಶುರುವಾಗುತ್ತವೆ. ಸಾರಜನಕ ಜಾಸ್ತಿಯಾದರೆ ಬಳ್ಳಿ ಬರೀ ಎಲೆ ಬಿಟ್ಟು ಕೊಬ್ಬುತ್ತದೆ. ಯೂರಿಯಾ ಬೇಡ ಅಂದಿದ್ದು ಅದಕ್ಕೇ.

ಮಿಡಿ ಹಳದಿಯಾಗಿ ಉದುರಿದರೆ?

ಹಾಗಾದರೆ ಪರಾಗಸ್ಪರ್ಶ ಆಗಿಲ್ಲ ಎಂದೇ ಮೊದಲು ಅನುಮಾನಿಸಿ. ಹೆಣ್ಣು ಹೂ ಬೆಳಿಗ್ಗೆ ಅರಳುತ್ತದೆ, ಅದರ ಆಯುಷ್ಯ ಒಂದೇ ದಿನ. ಅಷ್ಟರಲ್ಲಿ ಜೇನುನೊಣ ಹಲವು ಸಲ ಬಂದು ಹೋಗಬೇಕು. ಪರಾಗ ಅರೆಬರೆ ಬಿದ್ದರೆ ಕಾಯಿ ಸೊಟ್ಟಗಾಗುತ್ತದೆ. ಬೆಳಿಗ್ಗೆ ಕೀಟನಾಶಕ ಹೊಡೆದರೆ ಕಾಯಿ ಕಚ್ಚಿಸುವ ಜೇನನ್ನೇ ಓಡಿಸಿದ ಹಾಗೆ.

ಜೇನು ಕಡಿಮೆ ಇದ್ದರೆ ನೀವೇ ಈ ಕೆಲಸ ಮಾಡಬಹುದು:

1. ಬೆಳಿಗ್ಗೆ 9 ಗಂಟೆಯೊಳಗೆ ಆಗಷ್ಟೇ ಅರಳಿದ ಗಂಡು ಹೂ ಕೀಳಿ.
2. ಅದರ ಎಸಳು ಬಿಡಿಸಿ.
3. ನಡುವಿನ ಪರಾಗವನ್ನು ಹೆಣ್ಣು ಹೂವಿನ ನಡುಭಾಗಕ್ಕೆ ಮೆಲ್ಲಗೆ ಸವರಿ.

ಕೆಲವೇ ದಿನದಲ್ಲಿ ಮಿಡಿ ಊದಿದರೆ ಕಾಯಿ ಕಚ್ಚಿತು ಅಂತ ಅರ್ಥ. ಪಾಲಿಹೌಸ್‌ಗೆಂದೇ ಮಾರುವ ಹಲವು ತಳಿಗಳಿಗೆ ಪರಾಗಸ್ಪರ್ಶ ಬೇಕಿಲ್ಲ. ಬೀಜದ ಪ್ಯಾಕೆಟ್ ಓದಿ.

ಹೊಸದಾಗಿ ಹಾಕುವವರಿಗೆ

ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳುವ ಜಾಗ ಆರಿಸಿ. ಕೊಟ್ಟಿಗೆ ಗೊಬ್ಬರ ಬೆರೆಸಿ, ಗುಣಿಗೆ 2–3 ಬೀಜವನ್ನು 2 ಸೆಂ.ಮೀ. ಆಳಕ್ಕೆ ಊರಿ. ಮೊಳೆತ ಮೇಲೆ ಗಟ್ಟಿಯಾದ ಒಂದನ್ನು ಉಳಿಸಿ. ಗುಣಿಗಳ ನಡುವೆ ಒಂದೂವರೆಯಿಂದ ಎರಡು ಅಡಿ ಬಿಡಿ. ಬಳ್ಳಿಯನ್ನು ಚಪ್ಪರಕ್ಕೋ ಬಲೆಗೋ ಹಬ್ಬಿಸಿದರೆ ಗಾಳಿಯಾಡುತ್ತದೆ, ಕಾಯಿ ಮಣ್ಣಿಗೆ ತಾಗುವುದಿಲ್ಲ. ನೀರನ್ನು ಬುಡಕ್ಕೇ ಹಾಕಿ. ಒಣಗಿಸಿ ಒಣಗಿಸಿ ನೀರು ಕೊಟ್ಟರೆ ಕಾಯಿ ಕಹಿಯಾಗಬಹುದು. ಬುಡಕ್ಕೆ ಒಣ ಎಲೆ ಮುಚ್ಚಿದರೆ ತೇವ ನಿಲ್ಲುತ್ತದೆ.

ಹಣ್ಣುನೊಣದ ಕಾಟ ಇದ್ದರೆ ಕಾಯಿ ಕಚ್ಚಿದ ಕೂಡಲೇ ಕಾಗದದ ಚೀಲ ಕಟ್ಟಿ. ಕೊಳೆತು ಬಿದ್ದ ಕಾಯಿಯನ್ನು ಅಲ್ಲೇ ಬಿಡಬೇಡಿ, ಒಳಗಿನ ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ.

ಬಿತ್ತಿ ಸುಮಾರು 45–50 ದಿನಕ್ಕೆ ಕೊಯ್ಲು ಶುರು. ಎರಡು ದಿನಕ್ಕೊಮ್ಮೆ ಎಳೆಯದಾಗಿಯೇ ಕೊಯ್ಯಿರಿ. ಒಂದು ಕಾಯಿ ಬಲಿತು ಹಳದಿಯಾಗಲು ಬಿಟ್ಟರೂ ಬಳ್ಳಿ ಹೊಸ ಕಾಯಿ ಕೊಡುವುದು ಕಡಿಮೆಯಾಗುತ್ತದೆ.