ಟೆಟ್ಟಿಗೇಡಿಸ್: ಹೋಲಿಕೆಯೆಲ್ಲ ನಂಟಲ್ಲ

ಮಲೆನಾಡಿನಲ್ಲಿ ಜೀರುಂಡೆ ಎಂದು ಕರೆಸಿಕೊಳ್ಳುವ, ಬೇಸಿಗೆಯ ಕಾಡನ್ನು ಸದ್ದಿನಿಂದ ತುಂಬುವ ಸಿಕಾಡಗಳ ದೊಡ್ಡ ಬಳಗದಲ್ಲಿ ಟೆಟ್ಟಿಗೇಡಿಸ್ ಎಂಬುದು ದಕ್ಷಿಣ ಅಮೆರಿಕದ, ಮುಖ್ಯವಾಗಿ ಚಿಲಿ ಮತ್ತು ಅರ್ಜೆಂಟೀನಾಗಳ ಒಂದು ಕುಲ. ಹತ್ತಿರದ ಸಂಬಂಧವುಳ್ಳ ಪ್ರಭೇದಗಳನ್ನು ಒಂದೇ ಹೆಸರಿನಡಿ ಕೂಡಿಸುವ ವರ್ಗವನ್ನು ಜೀವವಿಜ್ಞಾನದಲ್ಲಿ ಕುಲ ಎನ್ನುತ್ತಾರೆ. ಫ್ರಾನ್ಸಿನ ಕೀಟವಿಜ್ಞಾನಿಗಳಾದ ಅಮಿಯೊ ಮತ್ತು ಓಡಿನೆ-ಸರ್ವಿಲ್ 1843ರಲ್ಲಿ ಚಿಲಿಯ ಸಿಕಾಡವೊಂದನ್ನು ಟೆಟ್ಟಿಗೇಡಿಸ್ ಚಿಲೆನ್ಸಿಸ್ ಎಂದು ಹೆಸರಿಸಿ ಈ ಕುಲಕ್ಕೆ ತಳಹದಿ ಹಾಕಿದರು. ಆ ಬಳಿಕ ಬ್ರಿಟನ್ನಿನ ವಿಲಿಯಂ ಲೂಕಸ್ ಡಿಸ್ಟಂಟ್, ಬಿ. ಎ. ಟೊರೆಸ್ ಮೊದಲಾದವರು ಇದಕ್ಕೆ ಹೊಸ ಪ್ರಭೇದಗಳನ್ನು ಸೇರಿಸುತ್ತ ಬಂದರು.

ಕೀಟವೊಂದನ್ನು ಗುರುತಿಸುವುದು ಬೇರೆ, ವರ್ಗೀಕರಿಸುವುದು ಬೇರೆ. ಗುರುತಿಸಲು ಕಣ್ಣಿಗೆ ಕಾಣುವ ಸ್ಥಿರವಾದ ಲಕ್ಷಣಗಳಿದ್ದರೆ ಸಾಕು: ಮೈಮೇಲಿನ ರೋಮ, ರೆಕ್ಕೆಯ ನರಗಳ ವಿನ್ಯಾಸ, ಗಂಡಿನ ಜನನಾಂಗಗಳ ರಚನೆ ಇವೆಲ್ಲ ಇಲ್ಲಿ ನೆರವಾಗುತ್ತವೆ. ಹೆಚ್ಚಿನ ಸಿಕಾಡಗಳಲ್ಲಿ ಗಂಡು ಹೊಟ್ಟೆಯ ಬುಡದ ಎರಡೂ ಪಕ್ಕಗಳಲ್ಲಿರುವ ಟಿಂಬಲ್ ಎಂಬ ಗೆರೆಗೆರೆಯ ಪೊರೆಯನ್ನು ಸ್ನಾಯುವಿನಿಂದ ಒಳಕ್ಕೆಳೆದು ಬಿಟ್ಟು ಸದ್ದು ಹೊರಡಿಸುತ್ತದೆ. ಟೆಟ್ಟಿಗೇಡಿಸ್‌ನಲ್ಲಿ ಅದರ ಜೊತೆಗೆ, ಎದೆಯ ಮೇಲ್ಭಾಗದ ಸೂಕ್ಷ್ಮ ಗೀರುಗಳಿಗೆ ರೆಕ್ಕೆಯ ಬುಡವನ್ನು ಉಜ್ಜಿ ಸದ್ದು ಮಾಡುವ ಇನ್ನೊಂದು ಅಂಗವೂ ಇದೆ. ನೋಡಲು ಒಂದೇ ತೆರನಾದ ಪ್ರಭೇದಗಳು ಹಾಡಿನಲ್ಲಿ ಬೇರೆಯಾಗಿರುವುದು ಸಿಕಾಡಗಳಲ್ಲಿ ಸಾಮಾನ್ಯವಾದ್ದರಿಂದ, ಹಾಡಿನ ಧ್ವನಿಮುದ್ರಣವೂ ಇಂದು ಗುರುತಿನ ಸಾಕ್ಷಿಯಾಗಿದೆ.

ವರ್ಗೀಕರಣವಾದರೋ ವಂಶದ ನಂಟನ್ನು ಹುಡುಕುವ ಕೆಲಸ. ಅಲ್ಲಿ ಎದ್ದು ಕಾಣುವ ಲಕ್ಷಣವೇ ದಾರಿ ತಪ್ಪಿಸಬಲ್ಲದು. 1906ರಲ್ಲಿ ಸಿಕಾಡಗಳ ಪಟ್ಟಿಯನ್ನು ಪ್ರಕಟಿಸಿದ ಡಿಸ್ಟಂಟ್, ಟಿಂಬಲ್ಲಿನ ಮೇಲೆ ಮುಚ್ಚಳ ಪೂರ್ಣವಾಗಿದೆಯೇ, ಅರೆಯಾಗಿದೆಯೇ, ಇಲ್ಲವೇ ಇಲ್ಲವೇ ಎಂಬುದನ್ನು ಆಧರಿಸಿ ಅವುಗಳನ್ನು ಮೂರು ಉಪಕುಟುಂಬಗಳಾಗಿ ವಿಂಗಡಿಸಿದರು. ಟಿಂಬಲ್ ತೆರೆದೇ ಇರುವ ಟೆಟ್ಟಿಗೇಡಿಸ್ ಈ ಏರ್ಪಾಡಿನಲ್ಲಿ ಅದೇ ಲಕ್ಷಣದ ಇತರ ಅನೇಕ ಕುಲಗಳೊಡನೆ ಟಿಬಿಸಿನಿನೆ ಎಂಬ ಒಂದೇ ಗುಂಪಿಗೆ ಸೇರಿತು. ಆದರೆ ಮುಚ್ಚಳವು ಬೇರೆ ಬೇರೆ ವಂಶಗಳಲ್ಲಿ ಪ್ರತ್ಯೇಕವಾಗಿ ಇಲ್ಲವಾಗಿರಬಲ್ಲದು ಎಂಬುದು ಮುಂದಿನ ಅಧ್ಯಯನಗಳಿಂದ, ಅದರಲ್ಲೂ ಕೀಟವಿಜ್ಞಾನಿ ಮೌಲ್ಡ್ಸ್ 2005ರಲ್ಲಿ ಮಾಡಿದ ಪುನರ್ವಿಮರ್ಶೆಯಿಂದ, ಸ್ಪಷ್ಟವಾದ ಮೇಲೆ ಆ ಗುಂಪು ಒಡೆಯಿತು. ಟೆಟ್ಟಿಗೇಡಿಸ್ ಇಂದೂ ಟಿಬಿಸಿನಿನೆ ಉಪಕುಟುಂಬದಲ್ಲೇ ಇದೆ. ಆದರೆ ಅದನ್ನು ಅಲ್ಲಿ ನಿಲ್ಲಿಸಿರುವುದು ತೆರೆದ ಟಿಂಬಲ್ ಒಂದೇ ಅಲ್ಲ, ಹಲವು ದೇಹಲಕ್ಷಣಗಳು ಮತ್ತು ಡಿಎನ್‌ಎ ಕೂಡಿ ಹೇಳುವ ಸಾಕ್ಷ್ಯ.

ಇದೇ ಪಾಠವನ್ನು ಈ ಕುಲದ ಒಡಲೊಳಗಿನ ಬ್ಯಾಕ್ಟೀರಿಯಗಳೂ ಕಲಿಸುತ್ತವೆ. ಗಿಡಮರಗಳ ಬೇರಿನಿಂದ ನೀರನ್ನು ಮೇಲಕ್ಕೊಯ್ಯುವ ನಾಳಗಳ ರಸವೇ ಸಿಕಾಡಗಳ ಆಹಾರವಾಗಿದ್ದು, ಅದರಲ್ಲಿ ಪೋಷಕಾಂಶ ತೀರ ಕಡಿಮೆ. ಆ ಕೊರತೆಯನ್ನು ತುಂಬಲು ಹಾಡ್ಜ್‌ಕಿನಿಯ ಎಂಬ ಬ್ಯಾಕ್ಟೀರಿಯ ಅಗತ್ಯವಾದ ಕೆಲವು ಅಮೈನೊ ಆಮ್ಲಗಳನ್ನು ತಯಾರಿಸಿಕೊಡುತ್ತದೆ ಮತ್ತು ಮೊಟ್ಟೆಯ ಮೂಲಕ ತಾಯಿಯಿಂದ ಮರಿಗೆ ದಾಟುತ್ತದೆ. ಟೊರೆಸ್ 1958ರಲ್ಲಿ ಹೆಸರಿಸಿದ ಟೆಟ್ಟಿಗೇಡಿಸ್ ಉಂಡಾಟದಲ್ಲಿ ಈ ಬ್ಯಾಕ್ಟೀರಿಯ ಎರಡು ಕವಲಾಗಿ ಒಡೆದು, ಒಂದು ಕಳೆದುಕೊಂಡ ಜೀನುಗಳನ್ನು ಇನ್ನೊಂದು ಉಳಿಸಿಕೊಂಡಿದೆ ಎಂಬುದು 2014ರಲ್ಲಿ ಪ್ರಕಟವಾಯಿತು. ಹೀಗೆ ಕವಲೊಡೆಯುವುದು ಈ ಕುಲದಲ್ಲಿ ಒಮ್ಮೆಯಲ್ಲ, ಹಲವು ಬಾರಿ ಸ್ವತಂತ್ರವಾಗಿ ನಡೆದಿದೆ ಎಂದು 2018ರ ಅಧ್ಯಯನವೊಂದು ತೋರಿಸಿತು. ಅಂದರೆ ಎರಡು ಪ್ರಭೇದಗಳೊಳಗೆ ಕವಲೊಡೆದ ಬ್ಯಾಕ್ಟೀರಿಯ ಕಂಡಮಾತ್ರಕ್ಕೆ, ತೆರೆದ ಟಿಂಬಲ್ ಕಂಡಮಾತ್ರಕ್ಕೆ ಆದಂತೆಯೇ, ಅವುಗಳ ನಂಟು ಸಿದ್ಧವಾಗುವುದಿಲ್ಲ. ಹೋಲಿಕೆ ಒಂದೇ ಪೂರ್ವಜನಿಂದ ಬಂದದ್ದೋ, ಬೇರೆ ಬೇರೆಯಾಗಿ ಒದಗಿದ್ದೋ ಎಂದು ಇತರ ಸಾಕ್ಷ್ಯಗಳೊಡನೆ ತೂಗಿ ನೋಡಿದ ಮೇಲೆಯೇ ಕುಲದ ಗಡಿಯನ್ನು ಎಳೆಯಬೇಕಾಗುತ್ತದೆ.