ಟ್ರ್ಯಾಕ್ಟರಿನ ಕೊಂಡಿ ಎಲ್ಲಿರಬೇಕು?

ಎತ್ತಿನ ಗಾಡಿ ಹೂಡಿದವರಿಗೆ ಮುಂಭಾರ, ಹಿಂಭಾರ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಅದುಮುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳಿನ ಹಗ್ಗ ಬಿಗಿಯುತ್ತದೆ. ಆಗ ಗಾಡಿ ನಿಲ್ಲಿಸಿ ನಾಲ್ಕು ಮೂಟೆಗಳನ್ನು ಹಿಂದುಮುಂದು ಮಾಡುತ್ತೇವೆ. ಎತ್ತಿನ ವಿಷಯದಲ್ಲಿರುವ ಈ ಎಚ್ಚರ ಟ್ರ್ಯಾಕ್ಟರಿಗೆ ಟ್ರೈಲರ್ ಕಟ್ಟುವಾಗ ಬಹಳ ಜನರಿಗೆ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಕಬ್ಬು ತುಂಬಿದ ಟ್ರೈಲರನ್ನು ಎಳೆಯುತ್ತಿದ್ದ ಟ್ರ್ಯಾಕ್ಟರ್ ಗದ್ದೆಯಿಂದ ನಾಲೆಯ ಏರಿಗೆ ಹತ್ತುತ್ತಿತ್ತು. ನಡು ಏರಿನಲ್ಲಿ ಅದರ ಮುಂದಿನ ಚಕ್ರಗಳು ಮೊಳದಷ್ಟು ಮೇಲೆದ್ದವು. ನೆಲ ಮುಟ್ಟದ ಚಕ್ರವನ್ನು ಎತ್ತ ತಿರುಗಿಸಿದರೇನು? ಟ್ರೈಲರ್ ಹಿಂದಕ್ಕೆ ಜಾರಿ, ಅಡ್ಡ ತಿರುಗಿ, ಎರಡೂ ಗದ್ದೆಗೆ ಉರುಳಿದವು. ಚಾಲಕ ಹುಡುಗನ ಕಾಲು ಮುರಿಯಿತು, ಜೀವ ಉಳಿಯಿತು. ಆ ಟ್ರ್ಯಾಕ್ಟರನ್ನು ಹಿಂದಿನ ವಾರ ನಾನೇ ನೋಡಿದ್ದೆ. ಟ್ರೈಲರಿನ ಮೂಕಿ ಎತ್ತರವಾಗಿದೆಯೆಂದು, ನೇಗಿಲಿನ ಮೇಲಿನ ಲಿಂಕ್ ಕೂಡಿಸುವ ಜಾಗದಲ್ಲಿ ಕಬ್ಬಿಣದ ಪಟ್ಟಿ ಬೆಸೆಸಿ ಕೊಂಡಿ ಮಾಡಿಸಿದ್ದರು. ಮೇಲಾಯಿತಲ್ಲ ಎನ್ನಿಸಿತು. ಗೊಬ್ಬರದ ಮಾತಿನಲ್ಲಿ ಮರೆತು ಹೇಳದೆ ಬಂದೆ.

ಹಿಂದಿನ ಚಕ್ರ ನೆಲ ಊರಿದ ಜಾಗದಲ್ಲಿ ಒಂದು ತಕ್ಕಡಿ ಇದೆ ಎಂದುಕೊಳ್ಳಿ. ಟ್ರ್ಯಾಕ್ಟರಿನ ಮುಂಭಾಗದ ಭಾರ ಒಂದು ತಟ್ಟೆಯಲ್ಲಿ, ಕೊಂಡಿಯ ಎಳೆತ ಇನ್ನೊಂದರಲ್ಲಿ. ಕೊಂಡಿ ನೆಲದಿಂದ ಮೇಲೇರಿದಷ್ಟೂ ಎಳೆತಕ್ಕೆ ಮೀಟುವ ಬಲ ಹೆಚ್ಚು. ಲೆಕ್ಕ ಹಾಕಿ ನೋಡೋಣ. ಟ್ರ್ಯಾಕ್ಟರಿನ ತೂಕ 1900 ಕೆ.ಜಿ., ಅದರಲ್ಲಿ ಮುಂದಿನ ಚಕ್ರಗಳ ಮೇಲೆ 700 ಕೆ.ಜಿ., ಎರಡು ಅಚ್ಚುಗಳ ನಡುವೆ 190 ಸೆಂ.ಮೀ. ಎಂದಿಟ್ಟುಕೊಳ್ಳಿ. ಎಳೆತ 800 ಕೆ.ಜಿ. ಇದ್ದು ಕೊಂಡಿ 45 ಸೆಂ.ಮೀ. ಎತ್ತರದಲ್ಲಿದ್ದರೆ ಮುಂದಿನಿಂದ ಸುಮಾರು 190 ಕೆ.ಜಿ. ಕಳೆಯುತ್ತದೆ. ಅದೇ ಕೊಂಡಿ 90 ಸೆಂ.ಮೀ.ಗೆ ಏರಿದರೆ ಕಳೆಯುವುದು 380 ಕೆ.ಜಿ. ಇದರ ಮೇಲೆ ಟ್ರೈಲರಿನ ಮೂಗು ಕೊಂಡಿಯನ್ನು 400 ಕೆ.ಜಿ. ಭಾರದಿಂದ ಒತ್ತುತ್ತಿದ್ದು, ಕೊಂಡಿ ಹಿಂದಿನ ಅಚ್ಚಿನಿಂದ 60 ಸೆಂ.ಮೀ. ದೂರವಿದ್ದರೆ, ಇನ್ನೂ 125 ಕೆ.ಜಿ. ಹೋಯಿತು. ಮೊದಲಿನದರಲ್ಲಿ ಮುಂದೆ 385 ಕೆ.ಜಿ. ಉಳಿಯಿತು, ಎರಡನೆಯದರಲ್ಲಿ 195 ಮಾತ್ರ. ಟ್ರ್ಯಾಕ್ಟರ್ ಮಾತು ಕೇಳಬೇಕಾದರೆ ಒಟ್ಟು ತೂಕದ ಐದರಲ್ಲೊಂದು ಪಾಲಾದರೂ ಮುಂದಿರಬೇಕು. ಇದು ಸಮನೆಲದ ಲೆಕ್ಕ. ಏರಿನಲ್ಲಿ ಟ್ರ್ಯಾಕ್ಟರಿನ ಸ್ವಂತ ಭಾರವೂ ಹಿಂದಕ್ಕೆ ಜರುಗುತ್ತದೆ, ಎಳೆತವೂ ಹೆಚ್ಚುತ್ತದೆ.

ಕೊಂಡಿ ಮೇಲಿದ್ದರೆ ಚಕ್ರ ಜಾರುವುದಿಲ್ಲ, ಚೆನ್ನಾಗಿ ಎಳೆಯುತ್ತದೆ ಎಂದು ಚಾಲಕರು ಹೇಳುವುದುಂಟು. ಅದು ಸುಳ್ಳಲ್ಲ. ಆದರೆ ಹಿಂದಿನ ಚಕ್ರಕ್ಕೆ ಬಂದ ಆ ಹಿಡಿತ ಮುಂದಿನ ಚಕ್ರದಿಂದ ಕಸಿದದ್ದು. ಟ್ರ್ಯಾಕ್ಟರ್ ಹಿಮ್ಮಗುಚಲು ಒಂದೂವರೆ ಸೆಕೆಂಡು ಸಾಕು. ಕ್ಲಚ್ ಒತ್ತಲು ಸಮಯ ಸಿಗುವುದಿಲ್ಲ.

ಆದುದರಿಂದ ತಯಾರಕರು ಕೊಟ್ಟ ಕೆಳಗಿನ ಡ್ರಾಬಾರಿಗೇ, ಅವರ ಪುಸ್ತಕದಲ್ಲಿ ಹೇಳಿದ ಎತ್ತರದಲ್ಲೇ ಟ್ರೈಲರ್ ಕಟ್ಟಬೇಕು. ಕಟ್ಟಿದ ಮೇಲೆ ಟ್ರೈಲರಿನ ತಳ ಮಟ್ಟವಾಗಿರಬೇಕು. ಮೂತಿ ಎತ್ತಿದ್ದರೆ ಭಾರ ಹಿಂದಕ್ಕೆ ಸರಿದು ಹಿಂಭಾರವಾಗುತ್ತದೆ. ಎರಡು ಚಕ್ರದ ಟ್ರೈಲರಿನಲ್ಲಿ ಹಿಂಭಾರವಾದರೆ ಕೊಂಡಿ ಮೇಲಕ್ಕೆ ಜಗ್ಗಿ ಟ್ರ್ಯಾಕ್ಟರಿನ ಹಿಂದಿನ ಚಕ್ರ ಹಗುರಾಗುತ್ತದೆ, ಟ್ರೈಲರ್ ಬಾಲ ಆಡಿಸುತ್ತದೆ. ಕಬ್ಬನ್ನು ಹಿಂದೆ ಚಾಚಿ ತುಂಬುವವರು ಇದನ್ನು ಗಮನಿಸಬೇಕು. ನಾಲ್ಕು ಚಕ್ರದ ಟ್ರೈಲರಿನ ಭಾರ ಕೊಂಡಿಯ ಮೇಲೆ ಹೆಚ್ಚು ಬೀಳುವುದಿಲ್ಲ.

ಇಳಿಜಾರಿನ ತೊಂದರೆ ಬೇರೆ. ಅಲ್ಲಿ ಟ್ರೈಲರ್ ಹಿಂದಿನಿಂದ ನೂಕುತ್ತದೆ. ಕೊಂಡಿ ಅಚ್ಚಿನಿಂದ ದೂರವಿದ್ದಷ್ಟೂ ಆ ನೂಕು ಟ್ರ್ಯಾಕ್ಟರಿನ ಹಿಂಭಾಗವನ್ನು ಸುಲಭವಾಗಿ ಪಕ್ಕಕ್ಕೆ ತಳ್ಳುತ್ತದೆ. ತಿರುವಿನಲ್ಲಿ ಟೈರು ಮೂಕಿಗೆ ತಾಗದಷ್ಟು ಅಂತರ ಬಿಟ್ಟು ಕೊಂಡಿಯನ್ನು ಹತ್ತಿರವೇ ಇಡಿ. ಪಕ್ಕಕ್ಕೆ ಆಡುವ ಡ್ರಾಬಾರಾದರೆ ನಡುವೆ ಪಿನ್ನು ಹಾಕಿ ಬಿಗಿಯಿರಿ. ಎರಡು ಬ್ರೇಕ್ ಪೆಡಲುಗಳನ್ನೂ ಕೂಡಿಸಿ, ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಕೊಂಡಿಯ ಪಿನ್ನಿನ ಬದಲು ಕಟ್ಟಡದ ಕಂಬಿಯ ತುಂಡು ತೂರಿಸಿದ್ದನ್ನು ಎಷ್ಟೋ ಕಡೆ ಕಂಡಿದ್ದೇನೆ. ಅದು ತುಂಡಾದ ದಿನ ಹಿಂದೆ ಬರುವ ಸೈಕಲ್ಲಿನವನ ಗತಿಯೇನು?

ಮಂಡ್ಯದ ಆ ರೈತರು ಬೆಸುಗೆ ಬಿಡಿಸಿ, ಟ್ರೈಲರಿನ ಮೂಕಿಯನ್ನೇ ಕೆಳಕ್ಕೆ ಇಳಿಸಿಕೊಂಡರು. ಊರಿನ ಬೆಸುಗೆ ಅಂಗಡಿಯಲ್ಲಿ ಅದಕ್ಕೆ ಅರ್ಧ ದಿನ ಹಿಡಿಯಿತು.