ನಲವತ್ತಕ್ಕೊಂದು ಗಡಿಯಾರ

ಅಪ್ಪ-ಅಮ್ಮನ ಮದುವೆಗೆ 40 ವರ್ಷ ತುಂಬಿತೆಂದು, ಅಪ್ಪನಿಗೊಂದು ಸ್ವಿಸ್ ಕೈಗಡಿಯಾರ ಕೊಳ್ಳಲು ಅಣ್ಣನೂ ನಾನೂ ದಾದರಿನ ಅಂಗಡಿಗೆ ಹೋದೆವು. ತೋರಿಸಿದ್ದು ಆಟೊಮ್ಯಾಟಿಕ್. ಕೈ ಆಡಿದಂತೆ ತಾನೇ ಕೀಲಿ ತುಂಬಿಕೊಳ್ಳುತ್ತದೆ; ಬಿಚ್ಚಿಟ್ಟರೆ ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಕೆಲವು ವರ್ಷಕ್ಕೊಮ್ಮೆ ಸರ್ವಿಸ್, ಅದೂ ದುಬಾರಿ. ನಿವೃತ್ತರಾದ ಅಪ್ಪ ಗಡಿಯಾರ ಕಟ್ಟುವುದೇ ಸಂಘದ ಕಾರ್ಯಕ್ರಮಕ್ಕೆ!

ಮೇಲಾಗಿ, ಮದುವೆಯಲ್ಲಿ ಅಜ್ಜ ಕೊಟ್ಟ ಎಚ್ಎಂಟಿ ಜನತಾ ಇದೆ. ಸಿಟಿಜನ್ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ಮಾಡತೊಡಗಿದ ಆ ಸಂಸ್ಥೆಯ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಅಪ್ಪ ಮಾತ್ರ, ಕಟ್ಟದಿದ್ದರೂ, ದಿನಾ ಬೆಳಿಗ್ಗೆ ಅದಕ್ಕೆ ಕೀಲಿ ಕೊಡುತ್ತಾರೆ.

“ಅಜ್ಜ ಅಳಿಯನಿಗೆ ಕೊಟ್ಟರು. ಮಗಳಿಗೆ?” ಎಂದ ಅಣ್ಣ.

ಅಮ್ಮನಿಗೆ ಯಾರೂ ಕೊಟ್ಟಿರಲಿಲ್ಲ. ಅಡುಗೆಮನೆಯ ಗೋಡೆ ಗಡಿಯಾರ ನೋಡಿಕೊಂಡೇ ಲೋಕಲ್ ಹಿಡಿಯಲು ಓಡಿದವಳು. ಮರುದಿನ ಅವಳನ್ನೇ ಅಂಗಡಿಗೆ ಕರೆದೊಯ್ದೆವು.

“ಅಂಕಿ ದೊಡ್ಡದಿರಲಿ ಕಣ್ರೋ” ಎಂದಳು.